ಮಗುವಿಗೆ ಯಾವ ಹೆಸರು? ಮನೆದೇವರ ಹೆಸರು, ಸಂಸ್ಕೃತದ ಹೆಸರು, ಕನ್ನಡದ ಹೆಸರು, ಇಂಟರ್‌ನೆಟ್ ಹೆಸರು

ಮಗು ಹುಟ್ಟಿದ ಮನೆಯಲ್ಲಿ ಹೆಸರಿನ ಮಾತು ಶುರುವಾದರೆ ನಾಲ್ಕು ಕಡೆಯಿಂದ ಸಲಹೆ ಬರುತ್ತದೆ. ಅಜ್ಜ ಅಜ್ಜಿ ಮನೆದೇವರ ಹೆಸರು ಹೇಳುತ್ತಾರೆ. ಪುರೋಹಿತರು ನಕ್ಷತ್ರ ನೋಡಿ ಒಂದು ಅಕ್ಷರ ಬರೆದುಕೊಡುತ್ತಾರೆ. ಅಪ್ಪ ಅಮ್ಮ ಮೊಬೈಲಿನಲ್ಲಿ ಉದ್ದನೆಯ ಪಟ್ಟಿ ತೆರೆದು ಕೂತಿರುತ್ತಾರೆ. ಇದರ ಮಧ್ಯೆ ಚಿಕ್ಕಪ್ಪನೋ ಅತ್ತೆಯೋ 'ಚೆನ್ನಾಗಿರೋ ಒಂದು ಕನ್ನಡದ ಹೆಸರು ಇಡ್ರಪ್ಪ' ಅನ್ನುತ್ತಾರೆ. ಯಾವ ಹೆಸರು ಬಂದರೂ ಎಲ್ಲರೂ ಕೇಳುವುದು ಒಂದೇ ಮಾತು: ಅರ್ಥ ಏನು?

ಅದರ ಜೊತೆಗೆ ಇನ್ನೊಂದು ಮಾತು ಕೇಳಲೇಬೇಕು ಅನ್ನುವುದು ನನ್ನ ಅನಿಸಿಕೆ: ಈ ಹೆಸರು ಎಲ್ಲಿಂದ ಬಂತು? ಅರ್ಥವನ್ನು ಯಾರು ಬೇಕಾದರೂ ಬರೆದು ಹಾಕಬಹುದು. ಮೂಲವನ್ನು ಹಾಗೆ ಹುಟ್ಟಿಸಲು ಬರುವುದಿಲ್ಲ. ನಾಳೆ ಮಗು ದೊಡ್ಡದಾಗಿ 'ನಂಗ್ಯಾಕೆ ಈ ಹೆಸರಿಟ್ರಿ?' ಅಂತ ಕೇಳುತ್ತದೆ. ಎಲ್ಲ ಮಕ್ಕಳೂ ಕೇಳುತ್ತಾರೆ. ಆಗ ಹೇಳಲು ನಿಮ್ಮ ಹತ್ತಿರ ಒಂದು ನಿಜವಾದ ಉತ್ತರ ಇರಬೇಕು. ಈ ಒಂದು ಅಳತೆ ಇಟ್ಟುಕೊಂಡು ನಾಲ್ಕೂ ಬಗೆಯ ಹೆಸರುಗಳನ್ನು ನೋಡೋಣ.

ಮನೆದೇವರ ಹೆಸರು, ಹಿರಿಯರ ಹೆಸರು

ಮೂಲದ ವಿಷಯಕ್ಕೆ ಬಂದರೆ ಇವುಗಳನ್ನು ಮೀರಿಸುವ ಹೆಸರಿಲ್ಲ. ಕೊಟ್ರೇಶ ಅಂದರೆ ಕೊಟ್ಟೂರಿನ ಕಡೆಯವರು ಎಂದು ಕೇಳಿದ ತಕ್ಷಣ ಗೊತ್ತಾಗುತ್ತದೆ. ಗವಿಸಿದ್ದಪ್ಪ ಅಂದರೆ ಕೊಪ್ಪಳದ ಗವಿಮಠಕ್ಕೆ ನಡೆದುಕೊಳ್ಳುವ ಮನೆ. ಹುಲಿಗೆಮ್ಮ ಅಂದರೆ ತುಂಗಭದ್ರೆಯ ದಂಡೆಯ ಹುಲಿಗಿ. ತಿಪ್ಪೇಸ್ವಾಮಿ ಅಂದರೆ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ. ಮಾದೇಶ, ಮಾದಪ್ಪ ಅಂದರೆ ಚಾಮರಾಜನಗರದ ಮಲೆ ಮಹದೇಶ್ವರ ಬೆಟ್ಟ. ಸಂಗಮೇಶನಿಗೆ ಕೂಡಲಸಂಗಮ, ಚೆಲುವರಾಯನಿಗೆ ಮೇಲುಕೋಟೆ. ಓಬಳೇಶ, ಓಬಯ್ಯ, ಓಬವ್ವ ಎಂಬ ಹೆಸರುಗಳಂತೂ ಗಡಿ ದಾಟಿ ಆಂಧ್ರದ ಅಹೋಬಲದ ನರಸಿಂಹನವರೆಗೂ ಹೋಗುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಆ ಕಡೆಯ ಹಿಂದೂ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಇರುವುದು ಅದರಿಂದಲೇ. ಯಾವ ಭಾಷಣವೂ ಇಲ್ಲದೆ ಎರಡು ಧರ್ಮಗಳು ಒಂದೇ ಹೆಸರಿನಲ್ಲಿ ಕೂತಿವೆ.

ನಂಜುಂಡ ಎಂಬ ಹೆಸರನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಂಜು ಅಂದರೆ ವಿಷ. ಉಂಡ ಅಂದರೆ ಊಟ ಮಾಡಿದವನು. ಸಮುದ್ರ ಕಡೆದಾಗ ಬಂದ ವಿಷವನ್ನು ಕುಡಿದ ಶಿವನನ್ನು ಸಂಸ್ಕೃತ ನೀಲಕಂಠ, ಶ್ರೀಕಂಠ ಎಂದು ಕೊರಳಿನ ಗುರುತಿನಿಂದ ಕರೆಯಿತು. ಕನ್ನಡ ಅವನು ಮಾಡಿದ ಕೆಲಸವನ್ನೇ ಹೆಸರು ಮಾಡಿತು. ಆ ದೇವರಿಂದ ಊರು ನಂಜನಗೂಡಾಯಿತು. ಊರಿನ ಸುತ್ತ ನಂಜಪ್ಪ, ನಂಜಮ್ಮ, ನಂಜುಂಡಸ್ವಾಮಿ, ನಂಜೇಗೌಡ ಹುಟ್ಟಿದರು. ಎರಡು ಅಚ್ಚ ಕನ್ನಡ ಪದ ಸೇರಿ ಇಷ್ಟು ದೊಡ್ಡ ಕಥೆ ಹೇಳುವ ಹೆಸರನ್ನು 'ಹಳೇದು' ಅಂತ ಪಕ್ಕಕ್ಕೆ ತಳ್ಳುವ ಮೊದಲು ಒಂದು ಸಲ ಯೋಚಿಸಿ ಅನ್ನುವುದು ನನ್ನ ಕೋರಿಕೆ.

ಪ್ರೀತಿಯ, ಗೌರವದ ವ್ಯಕ್ತಿಗಳ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ಹೊಸದೇನಲ್ಲ. ಹತ್ತನೇ ಶತಮಾನದಲ್ಲಿ ಕವಿ ರನ್ನ ತನಗೆ ಆಸರೆಯಾದ ಅತ್ತಿಮಬ್ಬೆ ಮತ್ತು ಚಾವುಂಡರಾಯರ ನೆನಪಿಗೆ ಮಗಳಿಗೆ ಅತ್ತಿಮಬ್ಬೆ, ಮಗನಿಗೆ ರಾಯ ಎಂದು ಹೆಸರಿಟ್ಟ. ಅವನ ಹೆಸರೇ 'ರತ್ನ' ಕನ್ನಡದ ಬಾಯಲ್ಲಿ ತಿರುಗಿ ಆದದ್ದು.

ಈ ಹೆಸರುಗಳ ಕಷ್ಟವನ್ನೂ ಹೇಳಬೇಕು. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳಬಹುದು. ಅದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ, ಮಗುವಿಗೆ ಅದು ಸಣ್ಣದಲ್ಲ. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಹಳ್ಳಿಗಳಲ್ಲಿ ಹೆಸರು ಜಾತಿಯ ಗುರುತೂ ಆಗಿತ್ತು. ಕೆಲವರ ಹೆಸರಿನ ಕೊನೆಗೆ ಅಪ್ಪ, ಅಯ್ಯ, ಅಮ್ಮ ತಾನಾಗಿ ಬರುತ್ತಿತ್ತು. ಕೆಳಗೆ ಕೂರಿಸಿದವರಿಗೆ ಬರೀ ಕರಿಯ, ಕೆಂಚ, ಮಾರ. ಆ ಮನೆಗಳ ಮಕ್ಕಳು ಓದಿ ಮುಂದೆ ಬಂದಾಗ ಸಿದ್ಧಾರ್ಥ, ಗೌತಮ, ರಾಹುಲ, ಯಶೋಧರಾ ಎಂಬ ಹೆಸರುಗಳನ್ನು ಆರಿಸಿಕೊಂಡರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ಮೇಲೆ ಇಂಥ ಹೆಸರುಗಳಿಗೆ ಹೊಸ ಬೆಲೆ ಬಂತು. ಹಾಗಾಗಿ 'ತಾತನ ಹೆಸರು ಬಿಟ್ಟು ಹೊಸ ಹೆಸರು ಯಾಕೆ' ಎಂದು ಎಲ್ಲರನ್ನೂ ಕೇಳಲಾಗದು. ಬಿಡುವುದಕ್ಕೂ ಕೆಲವು ಮನೆಗಳಲ್ಲಿ ಗಟ್ಟಿ ಕಾರಣ ಇರುತ್ತದೆ. ಅಲ್ಲಿ ಹೊಸ ಹೆಸರೇ ಆ ಮನೆಯ ಕಥೆ.

ಇಡಬೇಕು ಅನ್ನಿಸಿದರೂ ಧೈರ್ಯ ಬಾರದವರಿಗೆ ನಡುದಾರಿ ಇದೆ. ಹೆಸರಿನ ಒಳಗಿನ ಪದ ಉಳಿಸಿಕೊಂಡು ಕೊನೆಯನ್ನು ಬಿಡುವುದು. ಹೊನ್ನಮ್ಮಜ್ಜಿಯ ಮೊಮ್ಮಗಳು ಹೊನ್ನಿ ಆಗಬಹುದು. ಚೆನ್ನಬಸಪ್ಪನ ಮೊಮ್ಮಗ ಬಸವ ಆಗಬಹುದು. ಬಸವ ಸಂಸ್ಕೃತದ 'ವೃಷಭ'ದಿಂದ ಬಂದ ಪದ. ಎರಡು ನಿಮಿಷದಲ್ಲಿ ಹೇಳಬಹುದಾದ ಹನ್ನೆರಡನೇ ಶತಮಾನದ ಕಥೆ ಅದರ ಬೆನ್ನಿಗಿದೆ. ಹೇಳುವುದು, ಬರೆಯುವುದು ಎರಡೂ ಸುಲಭ. ಹೀಗಿದ್ದೂ ನಗರದ ಶಾಲೆಗಳಲ್ಲಿ ಬಸವ ಎಂಬ ಹುಡುಗ ಸಿಗುವುದು ಅಪರೂಪ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಇಂಟರ್‌ನೆಟ್ ಪಟ್ಟಿಯ ಹೆಸರುಗಳು

ಇವು ಚಿಕ್ಕದಾಗಿರುತ್ತವೆ, ಕಿವಿಗೆ ಹಿತವಾಗಿರುತ್ತವೆ, ಊರಿಗೂ ಜಾತಿಗೂ ಅಂಟಿಕೊಂಡಿರುವುದಿಲ್ಲ. ಬೆಂಗಳೂರಿನಲ್ಲಿ ಬೆಳೆಯುವ ಮಗುವಿಗೆ ಅದು ಅನುಕೂಲವೇ. ತೊಂದರೆ ಇರುವುದು ಪಕ್ಕದಲ್ಲಿ ಬರೆದಿರುವ ಅರ್ಥದಲ್ಲಿ. ಒಂದು ಜಾಲತಾಣ ಬರೆದದ್ದನ್ನು ಇನ್ನೊಂದು ನಕಲು ಮಾಡುತ್ತದೆ. ಹತ್ತು ಕಡೆ ಒಂದೇ ಅರ್ಥ ಕಂಡರೆ ನಿಜವೇ ಇರಬೇಕು ಅನ್ನಿಸುತ್ತದೆ.

ಆರವ್ ಹೆಸರನ್ನೇ ನೋಡಿ. ಪಟ್ಟಿಗಳಲ್ಲಿ 'ಶಾಂತ' ಎಂದು ಬರೆದಿರುತ್ತಾರೆ. ಸಂಸ್ಕೃತದಲ್ಲಿ ರವ ಅಂದರೆ ಸದ್ದು. ಕಲರವ ಪದ ನಮಗೆಲ್ಲ ಗೊತ್ತು, ಅಲ್ವಾ? ಮೊದಲಿಗೆ ಹ್ರಸ್ವ 'ಅ' ಬಂದರೆ ಅರವ, ಅಂದರೆ ಸದ್ದಿಲ್ಲದ್ದು. ದೀರ್ಘ 'ಆ' ಬಂದರೆ ಆರವ, ಅಂದರೆ ಕೂಗು, ದೊಡ್ಡ ಸದ್ದು. ಒಂದು ದೀರ್ಘದಲ್ಲಿ ಅರ್ಥ ಪೂರ್ತಿ ತಿರುಗಿಬಿಟ್ಟಿದೆ. ಧೃತಿ ಎಂಬ ಹೆಣ್ಣುಮಕ್ಕಳ ಹೆಸರೂ ಹೀಗೆಯೇ. ಮಹಾಪ್ರಾಣ ಇಟ್ಟು ಬರೆದರೆ ಧೈರ್ಯ, ಗಟ್ಟಿತನ. ಧೃತಿಗೆಡಬೇಡ ಅನ್ನುತ್ತೇವಲ್ಲ, ಅದೇ ಪದ. ಮಹಾಪ್ರಾಣ ಬಿಟ್ಟು ದೃತಿ ಎಂದು ಬರೆದರೆ ಸಂಸ್ಕೃತ ನಿಘಂಟಿನಲ್ಲಿ ಅದು ತೊಗಲಿನ ಚೀಲ. ಅನಯ ಎಂಬ ಹೆಸರಿಗೂ ಪಟ್ಟಿಯವರು ಏನೇನೋ ಒಳ್ಳೆಯ ಅರ್ಥ ಕೊಡುತ್ತಾರೆ. ನಯ ಅಂದರೆ ಒಳ್ಳೆಯ ನಡತೆ, ನೀತಿ. ಅನಯ ಅದರ ಉಲ್ಟಾ.

ಇನ್ನು ಕೆಲವು ಹೆಸರುಗಳಿಗೆ ಯಾವ ನಿಘಂಟಿನಲ್ಲೂ ಜಾಗ ಇಲ್ಲ. 'ಸಾಟಿಯಿಲ್ಲದವನು' ಎಂಬುದಕ್ಕೆ ಸಂಸ್ಕೃತದಲ್ಲಿರುವ ಪದ ಅದ್ವಿತೀಯ. ಅದನ್ನು ಕತ್ತರಿಸಿ ಅದ್ವಿಕ್ ಮಾಡಿದ್ದಾರೆ. ರಿಯಾಂಶ್ ಹೆಸರಿನಲ್ಲಿ ಅಂಶ ನಿಜವಾದ ಪದ, ಮುಂದಿನ ತುಂಡು ಸುಮ್ನೆ ಸದ್ದಿಗೋಸ್ಕರ ಬಂದದ್ದು. ಇಂಥ ಹೆಸರು ಇಡಬಾರದು ಅಂತ ನಾನು ಹೇಳುವುದಿಲ್ಲ. ಹೊಸ ಹೆಸರುಗಳು ಹುಟ್ಟುತ್ತಲೇ ಇರುತ್ತವೆ, ಹುಟ್ಟಬೇಕು ಕೂಡ. ಸದ್ದು ಇಷ್ಟವಾಗಿ ಇಟ್ಟಿದ್ದರೆ ಮಗುವಿಗೆ ಹಾಗೇ ಹೇಳಿ: 'ಕೇಳಲು ಚೆಂದ ಇತ್ತು, ಅದಕ್ಕೇ ಇಟ್ಟೆವು.' ಅದೂ ಪ್ರಾಮಾಣಿಕ ಉತ್ತರ. ಇಲ್ಲದ ಅರ್ಥವನ್ನು ನಾಮಕರಣದ ಆಮಂತ್ರಣದಲ್ಲಿ ಅಚ್ಚು ಹಾಕಿಸುವುದು ಮಾತ್ರ ಬೇಡ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ಕನ್ನಡ ಪದವಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಮೊಬೈಲಿನಲ್ಲೇ ನೋಡಬೇಕೆಂದರೆ 'ಅಲರ್' ಎಂಬ ಅಂತರ್ಜಾಲ ನಿಘಂಟು ಇದೆ. ಸಂಸ್ಕೃತದ್ದಾದರೆ ಹತ್ತಿರದ ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರನ್ನು ಕೇಳಿ. ಹೆಸರನ್ನು ಇಂಗ್ಲಿಷಿನಲ್ಲಿ ಕಳಿಸಬೇಡಿ. ಕನ್ನಡದಲ್ಲಿ ಬರೆದು ತೋರಿಸಿ. ದೀರ್ಘ, ಮಹಾಪ್ರಾಣ ಎಲ್ಲ ಅಲ್ಲೇ ಬಯಲಾಗುತ್ತದೆ.

ಸಂಸ್ಕೃತದ ಹೆಸರುಗಳು

ನಮ್ಮಲ್ಲಿ ಅತಿ ಹೆಚ್ಚು ಇರುವುದು ಇವೇ. ಅರ್ಥ ನಿಘಂಟಿನಲ್ಲಿ ಸಿಗುತ್ತದೆ, ಭಾರತದ ಯಾವ ಮೂಲೆಗೆ ಹೋದರೂ ಹೊರಗಿನ ಹೆಸರು ಅನ್ನಿಸುವುದಿಲ್ಲ. ಕುವೆಂಪು ಅವರ ಪೂರ್ತಿ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಅವರು ಮಕ್ಕಳಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ವೆಂಕಟಪ್ಪ, ಪುಟ್ಟಪ್ಪ ಇದ್ದ ಮಲೆನಾಡಿನ ಮನೆಯಲ್ಲಿ ಒಂದೇ ತಲೆಮಾರಿಗೆ ಚಂದ್ರ, ಕೋಗಿಲೆ, ಚೈತ್ರ ಬಂದವು. ಕರ್ನಾಟಕದ ಸಾವಿರಾರು ಮನೆಗಳು ಆಮೇಲೆ ನಡೆದ ದಾರಿಯೂ ಅದೇ.

ಇಲ್ಲಿ ಗಮನಿಸಬೇಕಾದದ್ದು ಉಚ್ಚಾರ. ಪ್ರಜ್ಞಾ ಎಂಬ ಹೆಸರು ನಮ್ಮ ಬಾಯಲ್ಲಿ ಪ್ರಗ್ನಾ, ಹಿಂದಿಯವರಿಗೆ ಪ್ರಗ್ಯಾ, ಮರಾಠಿಯವರಿಗೆ ಪ್ರದ್ನ್ಯಾ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ಬೆಂಗಳೂರು ಬಿಟ್ಟು ಪುಣೆಗೋ ದಿಲ್ಲಿಗೋ ಹೋಗುವ ಮನೆಯಾದರೆ ಜ್ಞ, ಕ್ಷ್ಮ ಇರುವ ಹೆಸರು ಜೀವನಪೂರ್ತಿ ವಿವರಣೆ ಕೇಳುತ್ತದೆ. ಮಹಾಪ್ರಾಣದ್ದೂ ಅದೇ ಕಥೆ. ಆಡುಮಾತಿನಲ್ಲಿ ಭೂಮಿಕಾ ಬೂಮಿಕಾ ಆಗುತ್ತಾಳೆ, ಮೇಘನಾ ಮೇಗನಾ ಆಗುತ್ತಾಳೆ. ಹಳೇ ಮೈಸೂರಿನ ಹಳ್ಳಿ ಕಡೆ 'ಹ' ಜಾರಿ ಹೇಮ ಏಮ ಆಗುತ್ತಾಳೆ. ಅದು ಆ ಕಡೆಯ ಮಾತಿನ ರೀತಿ, ತಪ್ಪೇನಲ್ಲ. ನಿಮ್ಮ ಮನೆಯವರೆಲ್ಲ ಹೇಗೆ ಕರೆಯುತ್ತಾರೆ ಎಂದು ಮೊದಲೇ ಕೇಳಿಸಿಕೊಂಡು, ಅದು ನಿಮಗೆ ಒಪ್ಪಿಗೆಯಾದರೆ ಇಡಿ.

ನದಿಗಳ ಹೆಸರನ್ನು ಮರೆಯಬೇಡಿ. ಹೆಚ್ಚಿನವು ಸಂಸ್ಕೃತ, ಆದರೆ ಹರಿಯುವುದು ನಮ್ಮ ನೆಲದಲ್ಲಿ. ಕಾವೇರಿ, ತುಂಗಾ ಎಲ್ಲರಿಗೂ ಗೊತ್ತು. ಶಾಲ್ಮಲಾ ಶಿರಸಿಯ ಹತ್ತಿರ ಸಹಸ್ರಲಿಂಗಗಳ ಮೇಲೆ ಹರಿಯುತ್ತಾಳೆ. ಸೌಪರ್ಣಿಕಾ ಕೊಲ್ಲೂರಿನವಳು. ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತಾಳೆ. ರಾಮ ಬಾಣ ಹೊಡೆದಾಗ ಚಿಮ್ಮಿದ ನೀರು ಎಂಬುದು ಸ್ಥಳದ ಕಥೆ. ಶರ ಅಂದರೂ ಬಾಣ, ಅಂಬು ಅಂದರೂ ಬಾಣ. ಇಂಥ ಹೆಸರಿಟ್ಟರೆ ಒಂದು ರಜೆಯಲ್ಲಿ ಮಗಳನ್ನು ಅವಳ ಹೆಸರಿನ ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸಬಹುದು. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಕನ್ನಡದ ಹೆಸರುಗಳು

ನನ್ನ ಒಲವು ಈ ಕಡೆಗಿದೆ, ಮುಚ್ಚಿಡುವುದೇನಿಲ್ಲ. ಇಬ್ಬನಿ, ಇಂಚರ, ಸಿರಿ, ಐಸಿರಿ, ಹೊನಲು, ನೇಸರ, ಮುಗಿಲ್, ಚಿಗುರು, ನುಡಿ, ಬೆಳಕು. ಇವುಗಳ ಅರ್ಥ ತಿಳಿಯಲು ಯಾವ ಜಾಲತಾಣವೂ ಬೇಡ. ಐದು ವರ್ಷದ ಮಗುವೇ ಬೆಳಗ್ಗೆ ಹುಲ್ಲಿನ ಮೇಲಿನ ಹನಿ ನೋಡಿ 'ಇದು ನಾನು' ಅನ್ನಬಹುದು.

'ಅಚ್ಚ ಕನ್ನಡವೇ ಆಗಬೇಕು' ಎಂದು ಹಟ ಹಿಡಿದವರಿಗೆ ಒಂದು ಮಾತು. ಸಿರಿ 'ಶ್ರೀ'ಯಿಂದ ಬಂದದ್ದು, ಐಸಿರಿ 'ಐಶ್ವರ್ಯ'ದಿಂದ. ಇಂಚರದಲ್ಲಿ ಮುಂದಿನ 'ಇನ್' ಕನ್ನಡದ ಇನಿದು, ಹಿಂದಿನದು ಸ್ವರ. ಕನ್ನಡ ಯಾವತ್ತೂ ಹೊರಗಿನ ಪದಗಳನ್ನು ತನ್ನ ನಾಲಿಗೆಗೆ ಹೊಂದಿಸಿಕೊಂಡು ಮನೆಯವರನ್ನಾಗಿ ಮಾಡಿಕೊಂಡಿದೆ. ಲಕ್ಷ್ಮಿ ಲಕ್ಕಮ್ಮ ಆದಳು, ಯಕ್ಷಿ ಜಕ್ಕವ್ವ ಆದಳು, ಕೃಷ್ಣ ಕಿಟ್ಟಣ್ಣ ಆದ, ಬ್ರಹ್ಮ ಬೊಮ್ಮ ಆದ. ವಿಷ್ಣು ಬಿಟ್ಟಿಯಾದ. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರು ಬಿಟ್ಟಿದೇವ ಎಂದಿರುವುದು ಹಾಗೆ. ಈ ಹೆಸರುಗಳೂ ಪೂರ್ತಿ ಕನ್ನಡದವೇ. ಬೇಲಿ ಹಾಕಲು ಹೋದರೆ ನಮ್ಮ ಅರ್ಧ ಮನೆ ಹೊರಗುಳಿಯುತ್ತದೆ.

ಗಂಡುಮಕ್ಕಳಿಗೆ ಕನ್ನಡದ ಹೆಸರು ಸಿಗುವುದಿಲ್ಲ ಎಂಬ ದೂರು ಯಾವಾಗಲೂ ಇದೆ. ಹೊಸ ಹೆಸರುಗಳ ಮಟ್ಟಿಗೆ ಅದು ನಿಜ. ಹೂವು, ಹನಿ, ಬೆಳದಿಂಗಳು ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಕೊಟ್ಟುಬಿಟ್ಟಿದ್ದೇವೆ. ಹಳೆಯದರಲ್ಲಿ ಹುಡುಕಿದರೆ ಚೆಲುವ, ಚೆನ್ನ, ಹೊನ್ನ, ಬಲ್ಲಾಳ, ಎರೆಯಂಗ ಸಿಗುತ್ತವೆ. ಎರೆಯ ಅಂದರೆ ಒಡೆಯ. ಎರೆಯಂಗ ಹೊಯ್ಸಳರ ದೊರೆ, ಬಿಟ್ಟಿದೇವನ ಅಪ್ಪ. ಇಂದಿನ ಕಿವಿಗೆ ಇದು ಸ್ವಲ್ಪ ಭಾರ ಅನ್ನಿಸಬಹುದು. ಬಲ್ಲಾಳ, ನೇಸರ ಯಾವ ಶಾಲೆಯಲ್ಲೂ ನಡೆಯುತ್ತವೆ.

ಹೊರದೇಶದಲ್ಲಿರುವ ಕನ್ನಡಿಗರು ಮಾತ್ರ ಇನ್ನೂ ಒಂದು ಸಲ ನೋಡಬೇಕು. ನುಡಿ ಎಂಬ ಚೆಂದದ ಪದ ಇಂಗ್ಲಿಷಿನವರ ಕಿವಿಗೆ ಬೆತ್ತಲೆ ಎಂಬರ್ಥದ ಪದದಂತೆ ಕೇಳಿಸುತ್ತದೆ. ಹರ್ಷನ ಕೊನೆಯ ಸ್ವರ ಬಿದ್ದುಹೋದರೆ ಇಂಗ್ಲಿಷಿನಲ್ಲಿ ಕಟು, ಕಠಿಣ ಎಂಬರ್ಥ ಬರುತ್ತದೆ. ಸಿರಿ ಎಂದು ಕರೆದರೆ ಆ್ಯಪಲ್ ಫೋನು ಓಗೊಡುತ್ತದೆ. 2011ರಿಂದ ಆ ಕಂಪನಿಯ ಸಹಾಯಕಿಯ ಹೆಸರು ಅದೇ. ಇಳಾ, ಬೆಳಕು ಎಂಬಲ್ಲಿನ 'ಳ' ಅಲ್ಲಿ ಯಾರ ಬಾಯಲ್ಲೂ ಹೊರಡುವುದಿಲ್ಲ. ತರಗತಿಯಲ್ಲಿ ದಿನಾ ಹಾಜರಿ ಕೂಗಿಸಿಕೊಳ್ಳುವುದು ಮಗು. ಇಬ್ಬನಿ, ಇಂಚರ, ತುಂಗಾ ಅಲ್ಲಿ ತಕ್ಕಮಟ್ಟಿಗೆ ಸಲೀಸು.

ನಕ್ಷತ್ರದ ಅಕ್ಷರ ಬಂದರೆ

ಇದು ಐದನೇ ಬಗೆಯ ಹೆಸರಲ್ಲ, ಮೇಲಿನ ನಾಲ್ಕಕ್ಕೂ ಹಾಕುವ ಒಂದು ಷರತ್ತು. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ರೋಹಿಣಿಯಲ್ಲಿ ಹುಟ್ಟಿದರೆ ಓ, ವಾ, ವಿ, ವು ಬರುತ್ತದೆ. ತೊಂದರೆಯಿಲ್ಲ, ವಾಣಿ, ವಿನಯ ಎಷ್ಟು ಬೇಕಾದರೂ ಇವೆ. ಹಸ್ತ ನಕ್ಷತ್ರಕ್ಕೆ ಪು, ಷ, ಣ, ಠ. ಆರಿದ್ರೆಯ ಮೂರನೇ ಪಾದಕ್ಕೆ ಙ. ಉತ್ತರಾಭಾದ್ರದ ಕೊನೆಯ ಪಾದಕ್ಕೆ ಞ. ಈ ಅಕ್ಷರಗಳಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಅಕ್ಷರಕ್ಕೆ ಹೊಂದಬೇಕು ಅಂತ ಅರ್ಥವಿಲ್ಲದ ಹೆಸರು ಹೊಸೆಯುವುದು ಶುರುವಾಗುವುದೇ ಇಲ್ಲಿ.

ಹಿರಿಯರು ಇದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದರು. ನಕ್ಷತ್ರದ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಹೆಸರು ಬರೆಯುತ್ತಾರಲ್ಲ, ಅಲ್ಲೇ ಎರಡು ಮೂರು ಹೆಸರು ಬರೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ನಕ್ಷತ್ರದ್ದು, ಮನೆದೇವರದ್ದು, ಕೂಗುವುದಕ್ಕೆ ಒಂದು. ಅಜ್ಜಿಗೂ ಸಮಾಧಾನ, ನಿಮಗೂ ಸಮಾಧಾನ. ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥಗಳಾದ ಗೃಹ್ಯಸೂತ್ರಗಳಲ್ಲಿ ಗಂಡಿಗೆ ಎರಡು ಅಥವಾ ನಾಲ್ಕು ಅಕ್ಷರ, ಹೆಣ್ಣಿಗೆ ಬೆಸ ಸಂಖ್ಯೆಯ ಅಕ್ಷರ ಎಂಬ ನಿಯಮವೂ ಇದೆ. ಸೀತಾ, ರಾಧಾ ಎರಡೇ ಅಕ್ಷರದವರು. ಹಾಗಾಗಿ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎಲ್ಲ ನೋಡಿ ಯಾವುದು?

ಹಿರಿಯರ ಹೆಸರಿನ ಹಿಂದೆ ಹೇಳಲು ಒಳ್ಳೆಯ ನೆನಪಿದ್ದರೆ ಮೊದಲು ಅದನ್ನೇ ನೋಡಿ, ಬೇಕಿದ್ದರೆ ಚಿಕ್ಕದು ಮಾಡಿಕೊಳ್ಳಿ. ಅದು ಒಗ್ಗದಿದ್ದರೆ ಕನ್ನಡದ ಪದ, ಇಲ್ಲವೇ ನಮ್ಮ ನದಿ ಬೆಟ್ಟಗಳ ಹೆಸರು. ಕೆಲಸದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಓಡಾಡುವ ಮನೆಗೆ ಒತ್ತಕ್ಷರ ಕಮ್ಮಿ ಇರುವ ಸಂಸ್ಕೃತದ ಹೆಸರು ಅನುಕೂಲ. ಇಂಟರ್‌ನೆಟ್ ಪಟ್ಟಿಯನ್ನು ನಾನಾದರೆ ಕೊನೆಗೆ ತೆರೆಯುತ್ತೇನೆ. ಹೆಸರು ಇಷ್ಟವಾದರೆ ನಿಘಂಟು ನೋಡಿದ ಮೇಲೆಯೇ ಮುಂದಿನ ಮಾತು.

ಗಡಿಬಿಡಿ ಮಾಡಬೇಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಮಾಡಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ ಇದೆ. ಸೇರಿಸುವುದು ಸುಲಭ, ಸೇರಿಸಿದ್ದನ್ನು ಬದಲಾಯಿಸುವುದು ಕಷ್ಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದರಲ್ಲಿ ಏನಿರುತ್ತದೋ ಅದೇ ಎಲ್ಲ ಕಡೆ ಹೋಗುತ್ತದೆ.

ಇನಿಷಿಯಲ್ ವಿಷಯವನ್ನೂ ಅಲ್ಲೇ ತೀರ್ಮಾನ ಮಾಡಿ. ನಮ್ಮ ಇನಿಷಿಯಲ್‌ಗಳಲ್ಲಿ ಊರು, ಅಪ್ಪನ ಹೆಸರು, ಮನೆತನ ಏನು ಬೇಕಾದರೂ ಇರುತ್ತದೆ. ಕುವೆಂಪು ಅವರದು ಊರು ಮತ್ತು ತಂದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರದು ಕೊಡಂದೇರ ಎಂಬ ಮನೆತನ ಮತ್ತು ಮಾದಪ್ಪ ಎಂಬ ತಂದೆಯ ಹೆಸರು. ಉತ್ತರ ಕರ್ನಾಟಕದವರಿಗೆ ಹಿರೇಮಠ, ಬಡಿಗೇರ ಎಂಬ ಅಡ್ಡಹೆಸರು ಕೊನೆಗೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿಯೇ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಬರೆಸಿದರೆ ಹೊರದೇಶದ ವೀಸಾ ಕೇಳುವಾಗ ತೊಡಕಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಎಂದು ಹೇಳಿತ್ತು. ಹಾಗಾಗಿ ಅಪ್ಪನದೋ ಅಮ್ಮನದೋ ಊರಿನದೋ, ಎರಡನೆಯ ಹೆಸರು ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಎರಡನ್ನೂ ಒಂದು ಹಾಳೆಯಲ್ಲಿ ಬರೆದು, ಅರ್ಜಿ ತುಂಬುವವರ ಕೈಗೆ ಆ ಹಾಳೆಯನ್ನೇ ಕೊಡಿ. ಬಾಯಲ್ಲಿ ಹೇಳಿ ಬರೆಸಬೇಡಿ.